ಸಂಪಾದಕರ ಉತ್ತರ: 36 ವರ್ಷ ಕಾದ ಒಂದು ಒಕ್ಕಣೆ

ಮಾನ್ಯರೇ,

ಪೋರ್ಚುಗಲ್ ರಾಜ್ಯ 1143ರಲ್ಲಿ ಉದಯಿಸಿತೆಂದು ನಮ್ಮ ಹಿಂದಿನ ಸಂಚಿಕೆಯ ಲೇಖನದಲ್ಲಿತ್ತು. ಹಾಗಿದ್ದರೆ ಪೋಪರ ಮನ್ನಣೆಗೆ 1179ರವರೆಗೆ ಕಾಯಬೇಕಾಯಿತೇಕೆ, ಕೊನೆಗೆ ದೊರೆತದ್ದಾದರೂ ಚಿನ್ನ ತೆತ್ತು ಕೊಂಡ ಪದವಿಯಲ್ಲವೇ ಎಂದು ತಾವು ಕೇಳಿದ್ದೀರಿ. ಆ 36 ವರ್ಷಗಳನ್ನು ಲೇಖನ ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿತ್ತು, ಲೋಪ ನಮ್ಮದೇ.

1143ರಲ್ಲಿ ಝಮೋರಾ ಪಟ್ಟಣದಲ್ಲಿ, ಪೋಪರ ಪ್ರತಿನಿಧಿ ಕಾರ್ಡಿನಲ್ ಗೀಡೊ ಅವರ ಸಮ್ಮುಖದಲ್ಲಿ, ನೆರೆಯ ಲಿಯೋನ್ ರಾಜ್ಯದ ದೊರೆ ಏಳನೆಯ ಅಲ್ಫೋನ್ಸೊ, ತಾಯಿಯ ಕಡೆಯಿಂದ ತನಗೆ ತಮ್ಮನಾಗಬೇಕಾದ ಪೋರ್ಚುಗಲ್ಲಿನ ಅಫೋನ್ಸೊ ಹೆನ್ರಿಕೆಸ್‌ನ 'ರಾಜ' ಎಂಬ ಬಿರುದನ್ನು ಒಪ್ಪಿಕೊಂಡ. ಈ ಔದಾರ್ಯದ ಹಿಂದೆ ಲೆಕ್ಕಾಚಾರವಿತ್ತು. 1135ರಲ್ಲಿ ತಾನೇ ಸಮಸ್ತ ಸ್ಪೇನಿನ ಚಕ್ರವರ್ತಿಯೆಂದು ಕಿರೀಟ ಧರಿಸಿದ್ದವನಿಗೆ ಕೈಕೆಳಗೊಬ್ಬ ರಾಜನಿದ್ದರೆ ಅದು ಹಿರಿಮೆಯೇ. ಚಕ್ರವರ್ತಿಯ ಸಾಮಂತನಾಗಿ ಉಳಿಯಬಾರದೆಂದರೆ ಚಕ್ರವರ್ತಿಗೂ ಮೇಲಿನವರಿಗೆ ನೇರವಾಗಿ ಕಪ್ಪ ಒಪ್ಪಿಸಬೇಕೆಂಬುದನ್ನು ಅರಿತ ಅಫೋನ್ಸೊ, ಅದೇ ಡಿಸೆಂಬರಿನಲ್ಲಿ ತನ್ನ ನಾಡನ್ನು ಸಂತ ಪೀಟರನಿಗೆ, ಎಂದರೆ ಪೋಪರ ಪೀಠಕ್ಕೆ ಅರ್ಪಿಸಿ, ವರ್ಷಕ್ಕೆ 4 ಔನ್ಸ್ ಚಿನ್ನ ಸಲ್ಲಿಸುವುದಾಗಿ ರೋಮಿಗೆ ಬರೆದ.

1144ರಲ್ಲಿ ಬಂದ ಉತ್ತರದ ಒಕ್ಕಣೆಯಲ್ಲೇ ತಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. ಪೋಪ್ ಎರಡನೆಯ ಲೂಸಿಯಸ್ ಕಪ್ಪವನ್ನು ಸ್ವೀಕರಿಸಿದರು, ರಕ್ಷಣೆಯ ಮಾತನ್ನೂ ಕೊಟ್ಟರು. ಆದರೆ ಅಫೋನ್ಸೊನನ್ನು 'ಡ್ಯೂಕ್' ಎಂದು ಸಂಬೋಧಿಸಿದರು, ಅವನ ನಾಡನ್ನು ಬರಿಯ 'ನೆಲ' ಎಂದು ಕರೆದರು. ಮುಸ್ಲಿಂ ಅರಸರೆದುರು ಸ್ಪೇನಿನ ಕ್ರೈಸ್ತ ದೊರೆಗಳೆಲ್ಲ ಒಂದಾಗಿರಬೇಕೆಂದು ಬಯಸುತ್ತಿದ್ದ ರೋಮಿಗೆ ಚಕ್ರವರ್ತಿಯನ್ನು ಎದುರು ಹಾಕಿಕೊಳ್ಳುವುದು ಬೇಕಿರಲಿಲ್ಲ. 1157ರಲ್ಲಿ ಆತ ತೀರಿಕೊಂಡು ಅವನ ನಾಡು ಇಬ್ಬರು ಮಕ್ಕಳಲ್ಲಿ ಹಂಚಿಹೋದಾಗ ಆ ಅಡ್ಡಿ ಕಳೆಯಿತು. ಆದರೆ ಅಷ್ಟರಲ್ಲೇ, ಜರ್ಮನಿಯ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನ ಬೆಂಬಲ ಪಡೆದ ಪ್ರತಿಸ್ಪರ್ಧಿಗಳಿಂದಾಗಿ ಪೋಪ್ ಮೂರನೆಯ ಅಲೆಕ್ಸಾಂಡರ್ ಅವರ ಪೀಠವೇ ವಿವಾದಕ್ಕೆ ಸಿಲುಕಿತು. ಅದು ಇತ್ಯರ್ಥವಾದದ್ದು 1177ರ ವೆನಿಸ್ ಒಪ್ಪಂದದಲ್ಲಿ.

1179ರ ಮೇ 23ರ ಆಜ್ಞಾಪತ್ರ 'ಮಾನಿಫೆಸ್ಟಿಸ್ ಪ್ರೊಬಾಟುಮ್' ಅಫೋನ್ಸೊನನ್ನು 'ಪೋರ್ಚುಗೀಸರ ರಾಜ' ಎಂದೇ ಕರೆದು, ಆ ಪದವಿಯನ್ನು ಅವನ ವಾರಸುದಾರರಿಗೂ ಸ್ಥಿರಪಡಿಸಿತು. ಅವನು ಮುಸ್ಲಿಮರಿಂದ ಗೆದ್ದುಕೊಂಡ ನೆಲದ ಮೇಲೆ ನೆರೆಯ ಕ್ರೈಸ್ತ ದೊರೆಗಳು ಹಕ್ಕು ಸಾಧಿಸುವಂತಿಲ್ಲವೆಂಬ ಭಾಗವೇ ನನ್ನ ದೃಷ್ಟಿಯಲ್ಲಿ ಬಿರುದಿಗಿಂತ ಬೆಲೆಯುಳ್ಳದ್ದು.

ಚಿನ್ನದ ಮಾತು ಸುಳ್ಳಲ್ಲ. ಕಪ್ಪ 2 ಮಾರ್ಕಿಗೆ (16 ಔನ್ಸ್), ಎಂದರೆ ಮೊದಲಿನ ನಾಲ್ಕು ಪಟ್ಟಿಗೆ ಏರಿತು. 1000 ಚಿನ್ನದ ನಾಣ್ಯಗಳ ಕಾಣಿಕೆಯೂ ಸಂದಿತು. ಆದರೂ ಇದನ್ನು ಖರೀದಿ ಎನ್ನಲು ನನಗೆ ಮನಸ್ಸೊಪ್ಪುವುದಿಲ್ಲ. 1147ರಲ್ಲಿ ಲಿಸ್ಬನ್ ಗೆದ್ದು, ನಾಲ್ಕು ದಶಕ ಆಳಿ ತೋರಿಸಿದವನ ಕೈಯಲ್ಲಿ ರಾಜ್ಯ ಆಗಲೇ ಇತ್ತು. ಮುಂದೆ ಕಪ್ಪ ಸರಿಯಾಗಿ ಸಲ್ಲಲೂ ಇಲ್ಲ. 1198ರಲ್ಲಿ ಪೋಪ್ ಮೂರನೆಯ ಇನೊಸೆಂಟ್ ಬಾಕಿಯ ವಿಚಾರವಾಗಿ ಅಫೋನ್ಸೊನ ಮಗ ಸಾಂಚೊಗೆ ಬರೆಯಬೇಕಾಯಿತು. ಆ ಪತ್ರದಲ್ಲೂ ಅವರು ಸಾಂಚೊನನ್ನು ಸಂಬೋಧಿಸಿದ್ದು ರಾಜನೆಂದೇ.

— ಸಂಪಾದಕ