ನಾಯಿಯನ್ನು ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಬಹುದೇ?

ನಿಮ್ಮ ನಾಲ್ಕು ವರ್ಷದ ಲ್ಯಾಬ್ರಡಾರ್ ಹಿಂಗಾಲು ಕುಂಟುತ್ತಿದೆ, ಖಾಸಗಿ ಕ್ಲಿನಿಕ್‌ನವರು ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದಿದ್ದಾರೆ, ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗೋಣವೆಂದರೆ ‘ಅಲ್ಲಿ ವಿದ್ಯಾರ್ಥಿಗಳು ನಿಮ್ಮ ನಾಯಿಯ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ’ ಎಂದು ನೆರೆಯವರು ಹೆದರಿಸಿದ್ದಾರೆ ಎಂದು ಬರೆದಿದ್ದೀರಿ. ಇದೇ ಮಾತಿಗೆ ಹೆದರಿ ನಾನು ಐದು ದಿನ ಕಳೆದುಕೊಂಡಿದ್ದೆ, ಆ ಐದು ದಿನಗಳಲ್ಲಿ ನನ್ನ ನಾಯಿ ಸಾಯುವ ಹಂತಕ್ಕೆ ಬಂದಿತ್ತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ನಾನು ಹೋದ ಆಸ್ಪತ್ರೆಯಲ್ಲಿ ನನಗೆ ಒಳಿತೂ ಆಗಿದೆ, ಬೇಸರವೂ ಆಗಿದೆ. ಹಾಗಾಗಿ ಅದರ ಹೆಸರನ್ನು ಬರೆಯುವುದಿಲ್ಲ.

ನಮ್ಮ ಗೌರಿ ಏಳು ವರ್ಷದ ನಾಟಿ ಹೆಣ್ಣುನಾಯಿ. ಕೆಲವು ದಿನಗಳಿಂದ ಊಟ ಬಿಟ್ಟಿದ್ದಳು, ಆಗಾಗ ವಾಂತಿ ಮಾಡುತ್ತಿದ್ದಳು, ಇಡೀ ದಿನ ಮೂಲೆಯಲ್ಲಿ ಮಲಗಿರುತ್ತಿದ್ದಳು. ಮನೆಯ ಹತ್ತಿರದ ಕ್ಲಿನಿಕ್ ಒಂದರಲ್ಲಿ ಹೊಟ್ಟೆ ಕೆಟ್ಟಿದೆ ಎಂದು ಎರಡು ಬಾರಿ ಚುಚ್ಚುಮದ್ದು ಕೊಟ್ಟರು. ಅದರಿಂದ ಏನೂ ಗುಣವಾಗಲಿಲ್ಲ. ಆರನೆಯ ದಿನ, ಬೇರೆ ದಾರಿ ಕಾಣದೆ, ಆಟೋದಲ್ಲಿ ಅವಳನ್ನು ಮಲಗಿಸಿಕೊಂಡು ಕಾಲೇಜಿನ ಆಸ್ಪತ್ರೆಗೆ ಹೋದೆ.

ಮೊದಲ ನೋಟಕ್ಕೆ ಆ ಜಾಗ ನಿಮಗೆ ಆಸ್ಪತ್ರೆಯಂತೆ ಕಾಣದಿರಬಹುದು. ಅಂಗಳದಲ್ಲಿ ದನಗಳನ್ನು ಅಲುಗಾಡದಂತೆ ನಿಲ್ಲಿಸುವ ಕಬ್ಬಿಣದ ಕಂಬಗಳ ಚೌಕಟ್ಟು (ಟ್ರೆವಿಸ್), ಅದರೊಳಗೆ ನಿಂತ ಹಸು, ಅದರ ಪಕ್ಕದಲ್ಲಿ ಹಗ್ಗ ಹಿಡಿದ ರೈತ, ಆಚೆ ಎರಡು ಮೇಕೆ, ಈಚೆ ಬುಟ್ಟಿಯಲ್ಲಿ ಕೂಗುತ್ತಿರುವ ಬೆಕ್ಕು. ಈ ಕಾಲೇಜುಗಳು ಮೊದಲಿನಿಂದಲೂ ದನಕರುಗಳನ್ನು ಮುಂದಿಟ್ಟುಕೊಂಡು ಬೆಳೆದವು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾಯಿತು. ಅದು ಈಗ ಬೀದರಿನಲ್ಲಿ ಕೇಂದ್ರ ಕಚೇರಿಯಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಬೀದರ್, ಹಾಸನ, ಶಿವಮೊಗ್ಗ, ಗದಗಗಳಲ್ಲಿಯೂ ಅದೇ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜುಗಳಿವೆ.

ಗೌರಿಯನ್ನು ಮೊದಲು ನೋಡಿದ್ದು ಇಂಟರ್ನ್‌ಶಿಪ್‌ನಲ್ಲಿದ್ದ ಒಬ್ಬ ಹುಡುಗಿ. ನಾಲ್ಕೂವರೆ ವರ್ಷದ ಓದು ಮುಗಿಸಿ, ಕಡ್ಡಾಯವಾದ ಒಂದು ವರ್ಷದ ಇಂಟರ್ನ್‌ಶಿಪ್ ಮಾಡುತ್ತಿರುವವರು ಇವರು. ನೆರೆಯವರು ‘ಹುಡುಗರು’ ಎನ್ನುವುದು ಬಹುಪಾಲು ಇವರನ್ನೇ. ಆ ಹುಡುಗಿ ಗೌರಿಯ ತುಟಿಯನ್ನು ಮೇಲೆತ್ತಿ, ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಮತ್ತೆ ಕೆಂಪು ಬರಲು ಎಷ್ಟು ಹೊತ್ತಾಗುತ್ತದೆ ಎಂದು ನೋಡಿದಳು. ಬೆನ್ನಿನ ಚರ್ಮವನ್ನು ಚಿವುಟಿ ಎತ್ತಿ, ಅದು ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂದು ಗಮನಿಸಿದಳು. ತೊಡೆಯ ಒಳಭಾಗದಲ್ಲಿ ಬೆರಳಿಟ್ಟು, ಕೈಗಡಿಯಾರ ನೋಡುತ್ತಾ ನಾಡಿ ಎಣಿಸಿದಳು. ಬಳಿಕ ಕೇಸ್ ಶೀಟ್ ತೆಗೆದು ಒಂದೊಂದೇ ಪ್ರಶ್ನೆ ಕೇಳತೊಡಗಿದಳು. ನೀರು ಎಷ್ಟು ಕುಡಿಯುತ್ತಾಳೆ? ಹೆಚ್ಚು ಕುಡಿಯುತ್ತಿದ್ದಾಳೆಯೇ? ರಾತ್ರಿ ಮೂತ್ರಕ್ಕೆ ಏಳುತ್ತಾಳೆಯೇ? ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ? ಕೊನೆಯ ಬಾರಿ ಬೆದೆಗೆ ಬಂದದ್ದು ಯಾವಾಗ?

ಅದುವರೆಗೆ ಯಾರೂ ನನ್ನನ್ನು ಈ ಕೊನೆಯ ಪ್ರಶ್ನೆ ಕೇಳಿರಲಿಲ್ಲ. ‘ಒಂದೂವರೆ ತಿಂಗಳಾಗಿರಬೇಕು, ಆಪರೇಷನ್ ಆಗಿಲ್ಲ, ನೀರು ಬಕೆಟ್‌ಗಟ್ಟಲೆ ಕುಡಿಯುತ್ತಿದ್ದಾಳೆ’ ಎಂದೆ. ಆ ಹುಡುಗಿ ಬರೆಯುವುದನ್ನು ನಿಲ್ಲಿಸಿ, ಎದ್ದು ಹೋಗಿ ಸ್ನಾತಕೋತ್ತರ ವಿದ್ಯಾರ್ಥಿಯನ್ನು ಕರೆತಂದಳು. ಅವರು ಹೊಟ್ಟೆಯನ್ನು ಮುಟ್ಟಿ ನೋಡಿ ಪ್ರಾಧ್ಯಾಪಕರನ್ನು ಕರೆದರು. ಅರ್ಧ ಗಂಟೆಯೊಳಗೆ ಸ್ಕ್ಯಾನಿಂಗ್ ಆಯಿತು. ಗರ್ಭಕೋಶದ ತುಂಬ ಕೀವು ತುಂಬಿಕೊಂಡಿತ್ತು. ಪಯೋಮೆಟ್ರಾ ಎನ್ನುತ್ತಾರೆ.

ಹೆಣ್ಣುನಾಯಿ ಸಾಕುವವರೆಲ್ಲರಿಗೂ ತಿಳಿದಿರಬೇಕಾದ ಕಾಯಿಲೆ ಇದು. ಬೆದೆ ಮುಗಿದ ನಂತರ, ನಾಯಿ ಗಬ್ಬವಾಗದಿದ್ದರೂ, ಸುಮಾರು ಎರಡು ತಿಂಗಳ ಕಾಲ ಪ್ರೊಜೆಸ್ಟರಾನ್ ಹಾರ್ಮೋನು ಹೆಚ್ಚಾಗಿಯೇ ಇರುತ್ತದೆ. ಅದರ ಪ್ರಭಾವದಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಅಲ್ಲಿ ಸೋಂಕನ್ನು ತಡೆಯುವ ಶಕ್ತಿ ಕುಗ್ಗುತ್ತದೆ, ಸಾಮಾನ್ಯವಾಗಿ ಇ. ಕೋಲಿ ಬ್ಯಾಕ್ಟೀರಿಯಾ ಅಲ್ಲಿ ನೆಲೆಯೂರುತ್ತದೆ. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಸೋರಿ ನಮ್ಮ ಕಣ್ಣಿಗೆ ಬೀಳುತ್ತದೆ. ಮುಚ್ಚಿದ್ದರೆ ಹೊರಗೆ ಏನೂ ಕಾಣದೆ ವಿಷವೆಲ್ಲ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ, ನಾಯಿ ವಿಪರೀತ ನೀರು ಕುಡಿಯುತ್ತದೆ. ಗೌರಿಯದು ಮುಚ್ಚಿದ ಬಗೆ. ಅಂಡಾಶಯದ ಸಮೇತ ಗರ್ಭಕೋಶವನ್ನು ತೆಗೆದುಹಾಕುವುದೇ ಅದಕ್ಕೆ ಸರಿಯಾದ ಚಿಕಿತ್ಸೆ. ಮೊದಲೇ ಸಂತಾನಹರಣ ಮಾಡಿಸಿದ್ದರೆ ಈ ಕಾಯಿಲೆ ಬರುತ್ತಲೇ ಇರಲಿಲ್ಲ ಎಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಅನುಭವವಿಲ್ಲದವರ ಕೈಗೆ ನಾಯಿಯನ್ನು ಕೊಡುವುದು ಹೇಗೆ ಎಂಬುದು ನಿಮ್ಮ ಭಯ. ನನ್ನ ಅನುಭವದಲ್ಲಿ ಗೌರಿಯನ್ನು ಉಳಿಸಿದ್ದು ಆ ಅನುಭವವಿಲ್ಲದವಳೇ. ಪಳಗಿದ ವೈದ್ಯರು ದಿನಕ್ಕೆ ಎಷ್ಟೋ ವಾಂತಿಯ ಕೇಸುಗಳನ್ನು ನೋಡಿರುತ್ತಾರೆ, ಅವರ ಮನಸ್ಸು ಹೊಟ್ಟೆಯ ಕಡೆಗೇ ಹೋಗುವುದು ಸಹಜ. ಕಲಿಯುವವಳಿಗೆ ಹಾಗೆ ಹಾರಿ ಹೋಗುವ ಅವಕಾಶವಿಲ್ಲ. ಶೀಟಿನಲ್ಲಿರುವ ಪ್ರತಿ ಸಾಲನ್ನೂ ತುಂಬಬೇಕು, ತುಂಬಿದ್ದನ್ನು ಮೇಲಿನವರ ಮುಂದೆ ಒಪ್ಪಿಸಬೇಕು, ಅವರು ಮತ್ತೆ ಮೊದಲಿನಿಂದ ನೋಡಬೇಕು. ಗೌರಿಯ ಜ್ವರವನ್ನು ಅಂದು ಮೂರು ಜನ ಮೂರು ಸಲ ನೋಡಿದರು. ಆ ಹೊತ್ತಿನಲ್ಲಿ ನನಗೆ ರೇಗಿತ್ತು. ಆದರೆ ಕಾಯಿಲೆ ಸಿಕ್ಕಿದ್ದು ಅದೇ ನಿಧಾನದಲ್ಲಿ.

ಶಸ್ತ್ರಚಿಕಿತ್ಸೆಯನ್ನು ಶಸ್ತ್ರಚಿಕಿತ್ಸಾ ವಿಭಾಗದ ಅಧ್ಯಾಪಕರೇ ಮಾಡಿದರು. ವಿದ್ಯಾರ್ಥಿಗಳು ಸುತ್ತ ನಿಂತು ನೋಡಿದರು, ಒಬ್ಬರು ಸಹಾಯಕ್ಕಿದ್ದರು. ಮುಗಿದ ಮೇಲೆ ಹೊರಗೆ ಬಂದು, ತೆಗೆದ ಗರ್ಭಕೋಶವನ್ನು ಪಾಠಕ್ಕೆ ಇಟ್ಟುಕೊಳ್ಳಬಹುದೇ ಎಂದು ನನ್ನನ್ನು ಕೇಳಿದರು. ಸಂತೋಷದಿಂದ ಒಪ್ಪಿದೆ.

ಇನ್ನು ಬೇಸರದ ಮಾತು. ಮೂರನೆಯ ದಿನ ಡ್ರಿಪ್ ಹಾಕಲು ಬಂದ ಹುಡುಗ ಗೌರಿಯ ಮುಂಗಾಲಿನ ರಕ್ತನಾಳಕ್ಕೆ ಕ್ಯಾನುಲಾ (ಡ್ರಿಪ್ ಹರಿಸುವ ಸಣ್ಣ ಕೊಳವೆ) ಹಾಕಲು ಮೂರು ಬಾರಿ ಪ್ರಯತ್ನಿಸಿ ಸೋತ. ಪ್ರತಿ ಸಲವೂ ಅವಳು ಮೆಲ್ಲಗೆ ನರಳಿದಳು, ಕಾಲು ಎಳೆದುಕೊಳ್ಳಲೂ ತ್ರಾಣವಿರಲಿಲ್ಲ. ಎರಡನೆಯ ಬಾರಿಗೇ ‘ಸರ್ ಅವರನ್ನು ಕರೆಯಿರಿ’ ಎನ್ನಬೇಕಿತ್ತು, ಸಂಕೋಚದಿಂದ ಸುಮ್ಮನಿದ್ದೆ. ನೀವು ಸುಮ್ಮನಿರಬೇಡಿ. ಅಧ್ಯಾಪಕರನ್ನು ಕರೆಯಿರಿ ಎಂದು ವಿನಯದಿಂದ ಹೇಳುವ ಹಕ್ಕು ನಮಗಿದೆ, ನಾನು ಕಂಡ ಮಟ್ಟಿಗೆ ಅದಕ್ಕೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಇನ್ನೊಂದು ತೊಂದರೆಯೆಂದರೆ, ಇಂಟರ್ನ್‌ಗಳು ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತಿರುತ್ತಾರೆ. ಹೊಲಿಗೆ ಬಿಚ್ಚಿಸಲು ಹೋದ ದಿನ ಆ ಹುಡುಗಿ ಅಲ್ಲಿರಲಿಲ್ಲ, ಇದ್ದವರಿಗೆ ನಾನು ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಯಿತು. ರಾತ್ರಿ ಉಳಿಸಿಕೊಳ್ಳುವ ವ್ಯವಸ್ಥೆಯೂ ಅಲ್ಲಿರಲಿಲ್ಲ. ದಿನವೂ ಸಂಜೆ ಅವಳನ್ನು ಮನೆಗೆ ತಂದು ಬೆಳಿಗ್ಗೆ ಮತ್ತೆ ಕರೆದೊಯ್ಯುತ್ತಿದ್ದೆವು. ನೀವು ಹೋಗುವ ಕಡೆ ಹೇಗಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ, ಮತ್ತು ರಾತ್ರಿಯ ತುರ್ತಿಗೆ ಬೇರೊಬ್ಬ ವೈದ್ಯರ ನಂಬರನ್ನು ಕೈಯಲ್ಲಿಟ್ಟುಕೊಂಡಿರಿ.

ಹಣದ ಬಗ್ಗೆಯೂ ಕೇಳಿದ್ದೀರಿ. ನಾವು ಕಟ್ಟಿದ ಶುಲ್ಕ ಖಾಸಗಿಯವರು ಹೇಳಿದ್ದಕ್ಕಿಂತ ಬಹಳ ಕಡಿಮೆ, ಆದರೆ ಹಲವು ಔಷಧಿಗಳನ್ನು ಹೊರಗಿನಿಂದ ತರಬೇಕಾಯಿತು.

ನಿಮ್ಮ ಲ್ಯಾಬ್ರಡಾರ್ ವಿಷಯಕ್ಕೆ ಬರುತ್ತೇನೆ. ಆ ತಳಿಯಲ್ಲಿ ಹಿಂಗಾಲಿನ ಕುಂಟಿಗೆ ಸೊಂಟದ ಕೀಲಿನ ದೋಷವೂ ಕಾರಣವಿರಬಹುದು, ಮೊಣಕಾಲಿನ ಕೀಲನ್ನು ಹಿಡಿದಿಡುವ ಕ್ರೂಸಿಯೇಟ್ ಲಿಗಮೆಂಟ್ ಎಂಬ ಕಟ್ಟು ಹರಿದಿರಲೂಬಹುದು. ಎರಡರ ಚಿಕಿತ್ಸೆಯೂ ಬೇರೆ ಬೇರೆ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು, ಯಾವುದು ಎಂದು ಹೇಗೆ ಗೊತ್ತಾಯಿತು ಎಂದು ಕೇಳಿ. ಈಗಾಗಲೇ ತೆಗೆಸಿದ ಎಕ್ಸ್‌ರೇ, ಲಸಿಕೆಯ ಪುಸ್ತಕ, ಕೊಟ್ಟ ಮಾತ್ರೆಗಳ ಚೀಟಿ ಎಲ್ಲವನ್ನೂ ಒಯ್ಯಿರಿ. ಸೊಂಟದ ಎಕ್ಸ್‌ರೇ ಸರಿಯಾಗಿ ಬರಬೇಕಾದರೆ ನಾಯಿಯನ್ನು ಅಂಗಾತ ಮಲಗಿಸಿ ಕಾಲು ಚಾಚಬೇಕಾಗುತ್ತದೆ, ಅದಕ್ಕೆ ಬಹುತೇಕ ಮಂಪರಿನ ಔಷಧಿ ಬೇಕು, ಆದ್ದರಿಂದ ಎಷ್ಟು ಹೊತ್ತು ಊಟ ಕೊಡದೆ ಕರೆತರಬೇಕು ಎಂದು ಮುಂಚಿತವಾಗಿ ಕೇಳಿಕೊಳ್ಳಿ. ಬೆಳಿಗ್ಗೆ ಓಪಿ (ಹೊರರೋಗಿ) ಚೀಟಿ ಕೊಡಲು ಶುರುಮಾಡುವ ಹೊತ್ತಿಗೇ ಅಲ್ಲಿರಿ, ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ದನ, ಮೇಕೆ, ಬೇರೆ ನಾಯಿಗಳು ಇರುವುದರಿಂದ ಗಟ್ಟಿಯಾದ ಬೆಲ್ಟು ಮತ್ತು ಬಾಯಿಕುಕ್ಕೆ ಇರಲಿ. ಮನೆಯಲ್ಲಿ ಲಸಿಕೆ ಪೂರ್ತಿಯಾಗದ ಮರಿಯಿದ್ದರೆ ಅದನ್ನು ಜೊತೆಗೆ ಒಯ್ಯಲೇಬೇಡಿ, ಏಕೆಂದರೆ ಮರಿಗಳ ಜೀವಕ್ಕೆ ಕುತ್ತು ತರುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು.

ಇವೆಲ್ಲಕ್ಕಿಂತ ಮೊದಲು, ಇವತ್ತೇ, ನಿಮ್ಮ ಲ್ಯಾಬ್ರಡಾರ್ ಬೆಳಿಗ್ಗೆ ಮಲಗಿದಲ್ಲಿಂದ ಏಳುವಾಗ ಮತ್ತು ಮೆಟ್ಟಿಲು ಹತ್ತುವಾಗ ಹಿಂದಿನಿಂದಲೂ ಪಕ್ಕದಿಂದಲೂ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯ ಗಲಾಟೆಯಲ್ಲಿ ಎಷ್ಟೋ ನಾಯಿಗಳು ನೋವು ಮರೆತು ನೆಟ್ಟಗೆ ನಡೆದುಬಿಡುತ್ತವೆ, ಆಗ ತೋರಿಸಲು ನಿಮ್ಮ ಬಳಿ ಇರುವುದು ಆ ವಿಡಿಯೊ ಮಾತ್ರ.