ಸಿಸ್ಟರ್ ಹತ್ರ ಕೇಳಿ: ಚುಚ್ಚಿಸಿದ ಮೂಗು, ಹೊಸ ಹಚ್ಚೆ

ಈ ಸಲದ ಪತ್ರಗಳಲ್ಲಿ ಸೂಜಿಯದ್ದೇ ಕತೆ. ಚಿಕ್ಕಬಳ್ಳಾಪುರದಲ್ಲಿ 31 ವರ್ಷ ಡ್ರೆಸ್ಸಿಂಗ್ ರೂಮಿನಲ್ಲಿ ಗಾಯ ತೊಳೆದವಳು ನಾನು. ಹಾಗಾಗಿ ಸಂಪಾದಕರು ಅವನ್ನೆಲ್ಲ ಕಟ್ಟಿ ನನಗೇ ಕಳಿಸಿದ್ದಾರೆ.

ಪ್ರಶ್ನೆ: ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಾಣಿಕೆ. ಐದು ದಿನದ ಹಿಂದೆ ಬೆಂಗಳೂರಿನಲ್ಲಿ ಮುಂಗೈ ಮೇಲೆ ಅಮ್ಮನ ಹೆಸರು ಟ್ಯಾಟೂ ಹಾಕಿಸಿಕೊಂಡೆ. ಈಗ ಸಿಪ್ಪೆ ಏಳುತ್ತಿದೆ, ಅದರ ಜೊತೆ ಬಣ್ಣವೂ ಬರುತ್ತಿದೆ. ತುರಿಕೆಗೆ ಮೆಡಿಕಲ್ ಶಾಪಿನವರು ಒಂದು ಕ್ರೀಮ್ ಕೊಟ್ಟಿದ್ದಾರೆ. ಬಿಸಿನೀರಿನಲ್ಲಿ ಗೂಡು ಬಿಚ್ಚುವ ಬೇಸಿನ್ ಕೆಲಸ ಮಾಡಬಹುದಾ?

ಉತ್ತರ: ಅಮ್ಮನ ಹೆಸರು ಎಲ್ಲೂ ಹೋಗುವುದಿಲ್ಲ, ಹೆದರಬೇಡಿ. ಶಾಯಿ ಕೂತಿರುವುದು ಚರ್ಮದ ಎರಡನೇ ಪದರದಲ್ಲಿ. ಈಗ ಉದುರುತ್ತಿರುವುದು ಮೇಲಿನ ತೆಳು ಪದರ. ಅದರಲ್ಲಿ ಸಿಕ್ಕಿಕೊಂಡ ಬಣ್ಣ ಅದರ ಜೊತೆ ಉದುರಲೇಬೇಕು. ನೀವು ಉಗುರು ಹಾಕಿ ಕಿತ್ತರೆ ಮಾತ್ರ ಅಕ್ಷರದ ನಡುವೆ ತೂತು ಬೀಳುತ್ತದೆ. ತುರಿಕೆ ತಡೆಯಲಾಗದಿದ್ದರೆ ಪಕ್ಕದ ಚರ್ಮವನ್ನು ಮೆಲ್ಲಗೆ ತಟ್ಟಿ.

ಬೇಸಿನ್ ವಿಷಯಕ್ಕೆ ಬರೋಣ. ನಿಮ್ಮೂರಿನ ಕೈಗಳನ್ನು ನಾನು ಬಹಳ ನೋಡಿದ್ದೇನೆ. ಬೆಂದ ಗೂಡು, ಸತ್ತ ಹುಳ, ದಿನವಿಡೀ ಬೆಚ್ಚಗಿರುವ ಆ ನೀರು! ಅದರಲ್ಲಿ ಅದ್ದಿದ ಬೆರಳ ಸಂದಿ ಕೊಳೆತು ಬಿಳಿಚಿಕೊಂಡು ಬರುತ್ತಿದ್ದವರಿಗೆ ಲೆಕ್ಕವಿಲ್ಲ. ಗಟ್ಟಿ ಚರ್ಮಕ್ಕೇ ಆ ಗತಿಯಾದರೆ, ಐದು ದಿನದ ಹಚ್ಚೆ ಅಂದರೆ ತರಚಿದ ಗಾಯ, ಅಲ್ವಾ? ಉದ್ದ ಗ್ಲೌಸ್ ಹಾಕಿಕೊಳ್ಳುತ್ತೇನೆ ಅನ್ನಬೇಡಿ. ಒಳಗೆ ಬೆವರು ನಿಂತು ಅದೂ ಅಷ್ಟೇ ಆಗುತ್ತದೆ. ಮೂರು ವಾರ ಬೇಸಿನ್ ಬಿಡಿ. ತಂದೆಯವರಿಗೆ ಹೇಳಿ, ಗೂಡಿನ ಮಾರ್ಕೆಟ್ಟಿಗೆ ನೀವು ಹೋಗಿ, ಲೆಕ್ಕ ನೀವು ನೋಡಿಕೊಳ್ಳಿ. ಕೆರೆ, ಬಾವಿ, ಸ್ವಿಮ್ಮಿಂಗ್ ಪೂಲ್ ಕೂಡ ಅಲ್ಲಿಯವರೆಗೆ ಬೇಡ.

ದಿನಕ್ಕೆರಡು ಸಲ ಮೊದಲು ಕೈ ತೊಳೆದುಕೊಂಡು, ಆಮೇಲೆ ವಾಸನೆಯಿಲ್ಲದ ಸೋಪಿನಿಂದ ಹಚ್ಚೆ ತೊಳೆಯಿರಿ. ಉಜ್ಜದೆ ಒತ್ತಿ ಒರೆಸಿ. ಆಮೇಲೆ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯೋ ಮಾಯಿಶ್ಚರೈಸರೋ ಸವರಿ. ಎಷ್ಟು ಅಂದರೆ ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು. ಬೆಣ್ಣೆ ದೋಸೆ ಮಾಡಬೇಡಿ. ಆ ಮೆಡಿಕಲ್ ಶಾಪಿನ ಟ್ಯೂಬ್ ತಿರುಗಿಸಿ ಓದಿ. ಬೀಟಾಮೆಥಸೋನ್ ಅಥವಾ ಕ್ಲೋಬೆಟಸಾಲ್ ಅಂತಿದ್ದರೆ ಅದು ಸ್ಟೀರಾಯ್ಡ್. ಹಸಿ ಗಾಯಕ್ಕೆ ಹಚ್ಚಿದರೆ ಮಾಯುವುದು ನಿಧಾನವಾಗುತ್ತದೆ, ಸೋಂಕಿದ್ದರೆ ಅದನ್ನು ಮರೆಮಾಚುತ್ತದೆ. ಎತ್ತಿಡಿ.

ಮೇಲ್ಮೈ ಎರಡು ಮೂರು ವಾರಕ್ಕೆ ಮಾಯುತ್ತದೆ, ಒಳಗೆ ಪೂರ್ತಿ ಮಾಯಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಬಿಸಿಲಿಗೆ ತುಂಬು ತೋಳಿನ ಹತ್ತಿ ಶರ್ಟ್ ಹಾಕಿ. ಕೆಂಪು ದಿನೇ ದಿನೇ ಹರಡಿದರೆ, ಕೀವು ಬಂದರೆ, ತೋಳಿನುದ್ದಕ್ಕೆ ಕೆಂಪು ಗೆರೆ ಎದ್ದರೆ, ಜ್ವರ ಬಂದರೆ ಕಾಯದೆ ಡಾಕ್ಟರ ಬಳಿ ಹೋಗಿ.

ಪ್ರಶ್ನೆ: ಮಗಳಿಗೆ 16 ವರ್ಷ. ಐದು ವಾರದ ಹಿಂದೆ ಮೂಗು ಚುಚ್ಚಿಸಿದೆವು. ಮೂಗುಬೊಟ್ಟಿನ ಪಕ್ಕ ಜೋಳದ ಕಾಳಿನಷ್ಟು ಕೆಂಪು ಗಂಟು ಬಂದಿದೆ. ಅತ್ತೆ ದಿನಾ ಕೊಬ್ಬರಿ ಎಣ್ಣೆ ಬಿಟ್ಟು ತಿರುಗಿಸುತ್ತಾರೆ, ಅರಿಶಿನ ಸುಣ್ಣ ಹಚ್ಚೋಣ ಅಂತಾರೆ. ಇದು ಕೀಲಾಯ್ಡಾ? — ಚಿಂತಾಮಣಿಯ ತಾಯಿ

ಉತ್ತರ: ಮೊದಲು ಆ ತಿರುಗಿಸುವುದನ್ನು ನಿಲ್ಲಿಸಿ. ಅತ್ತೆಯವರಿಗೆ ಬೇಜಾರಾಗದ ಹಾಗೆ ನಿಲ್ಲಿಸುವುದು ನಿಮ್ಮ ಜಾಣತನ. ತೂತಿನ ಒಳಗೋಡೆಗೆ ಹೊಸ ಚರ್ಮ ಆಗತಾನೇ ಹೆಣೆದುಕೊಳ್ಳುತ್ತಿರುತ್ತದೆ. ತಿರುಗಿಸಿದಾಗಲೆಲ್ಲ ಅದು ಹರಿಯುತ್ತದೆ. ದೇಹ ಮತ್ತೆ ಮತ್ತೆ ಹೊಲಿಯಲು ಹೋಗಿ ಗಂಟು ಕಟ್ಟುತ್ತದೆ. ಐದು ವಾರಕ್ಕೆ ಬರುವ ಗಂಟು ಸಾಮಾನ್ಯವಾಗಿ ಇಂಥದ್ದೇ. ಕೀಲಾಯ್ಡ್, ಅಂದರೆ ಉಬ್ಬಿ ಬೆಳೆಯುವ ಗಾಯದ ಕಲೆ, ಬರುವುದು ಸಾಮಾನ್ಯವಾಗಿ ತಿಂಗಳುಗಳ ಮೇಲೆ. ಅದು ಗಟ್ಟಿಯಾಗಿರುತ್ತದೆ, ಗಾಯದ ಅಂಚು ದಾಟಿ ಬೆಳೆಯುತ್ತಾ ಹೋಗುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹಾಗೆ ಆಗಿದ್ದರೆ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ.

ಸುಣ್ಣ ಸುಡುತ್ತದೆ, ಬೇಡವೇ ಬೇಡ. ಅರಿಶಿನ ಸಾರಿಗಿರಲಿ. ಡಬ್ಬಿಯ ಪುಡಿಯೇನೂ ಕ್ರಿಮಿಯಿಲ್ಲದ್ದಲ್ಲ. ತೂತಿನ ಬಾಯಿಗೆ ಮೆತ್ತಿದರೆ ಒಳಗಿನ ನೀರು ಹೊರಗೆ ಬರಲು ದಾರಿಯಿಲ್ಲ. ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್ ಸಿಗುತ್ತದೆ. ಇಲ್ಲವಾದರೆ ಕುದಿಸಿ ಆರಿಸಿದ ಒಂದು ಕಪ್ ನೀರಿಗೆ ಕಾಲು ಟೀ ಚಮಚ ಉಪ್ಪು ಹಾಕಿ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಗಾಜ್ ಬಟ್ಟೆ ನೆನೆಸಿ ದಿನಕ್ಕೆರಡು ಸಲ ಐದು ನಿಮಿಷ ಇಡಿ. ಹಕ್ಕಳೆ ತಾನಾಗಿ ಮೆತ್ತಗಾಗಿ ಬರುತ್ತದೆ.

ಬೊಟ್ಟು ಯಾವುದರದ್ದು ಅಂತ ನೀವು ಬರೆದಿಲ್ಲ. ಒನ್ ಗ್ರಾಂ ಗೋಲ್ಡ್ ಆಗಿದ್ದರೆ ಕೆಳಗಿನ ಲೋಹದಲ್ಲಿ ನಿಕಲ್ ಇರಬಹುದು, ಬಹಳ ಜನಕ್ಕೆ ಅದು ಆಗಿಬರುವುದಿಲ್ಲ. ಹಿಂದೆ ಅಕ್ಕಸಾಲಿಗರು ಚಿನ್ನದ ತಂತಿಯಲ್ಲಿ ಚುಚ್ಚುತ್ತಿದ್ದುದು ಸುಮ್ನೆ ಅಲ್ಲ. ಬದಲಾಯಿಸಬೇಕಾದರೆ ಮನೆಯಲ್ಲಿ ಎಳೆದಾಡಬೇಡಿ, ತಿಳಿದವರ ಕೈಯಲ್ಲಿ ಮಾಡಿಸಿ. ಮೂಗು ಮಾಯಲು ನಾಲ್ಕಾರು ತಿಂಗಳು ಬೇಕು. ಅಷ್ಟು ದಿನ ಟರ್ಕಿ ಟವೆಲ್ಲಿನಲ್ಲಿ ಮುಖ ಒರೆಸಬೇಡ ಅಂತ ಹುಡುಗಿಗೆ ಹೇಳಿ. ಅದರ ಕುಣಿಕೆಗೆ ಬೊಟ್ಟು ಸಿಕ್ಕಿ ಅತ್ತುಕೊಂಡು ಬಂದವರು ಒಬ್ಬಿಬ್ಬರಲ್ಲ.

ಪ್ರಶ್ನೆ: ಕಿವಿಯ ಮೇಲ್ಭಾಗದಲ್ಲಿ ಗನ್‌ನಿಂದ ಚುಚ್ಚಿಸಿ ಆರು ದಿನ. ಕಿವಿ ಕೆಂಪಾಗಿ ಬಿಸಿಯಾಗಿದೆ, ಮುಟ್ಟಿದರೆ ಜೀವ ಹೋಗುತ್ತದೆ. ಕೆಳಗಿನ ಹಾಲೆ ಚೆನ್ನಾಗಿದೆ. ಓಲೆ ತೆಗೆದುಬಿಡಲೇ? — ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ಓಲೆ ಮುಟ್ಟಬೇಡಮ್ಮಾ. ತೆಗೆದರೆ ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು. ಮೊದಲು ಡಾಕ್ಟರಿಗೆ ತೋರಿಸು, ತೆಗೆಯಬೇಕೋ ಬೇಡವೋ ಅವರು ಹೇಳಲಿ. ಪತ್ರಿಕೆ ಬರುವ ಹೊತ್ತಿಗೆ ತಡವಾಗಬಾರದು ಅಂತ ಇಷ್ಟನ್ನು ನಿನಗೆ ಫೋನಿನಲ್ಲಿ ಆಗಲೇ ಹೇಳಿದ್ದೇನೆ. ಉಳಿದವರಿಗಾಗಿ ಬರೆಯುತ್ತಿದ್ದೇನೆ.

ನನಗೂ ಇದೇ ಆಗಿತ್ತು. 41ನೇ ವಯಸ್ಸಿನಲ್ಲಿ, ಅಣ್ಣನ ಮಗನ ಮದುವೆಗೆ ಮೆರೆಯೋಣ ಅಂತ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಟಕ್ ಅನಿಸಿಕೊಂಡು ಬಂದೆ. ನರ್ಸ್ ಅನ್ನುವ ಜಂಬ ಬೇರೆ. ನಾಲ್ಕು ದಿನ ಮನೆಯಲ್ಲೇ ಮುಲಾಮು ಹಚ್ಚಿದೆ. ಐದನೇ ದಿನ ನಮ್ಮ ಡಾಕ್ಟರು ನೋಡಿ, "ರೋಗಿಗಳಿಗೆ ಹೀಗೆ ಮಾಡಲು ಬಿಡ್ತೀರಾ ಸಿಸ್ಟರ್?" ಅಂದರು. ಹತ್ತು ದಿನ ಮಾತ್ರೆ. ಮದುವೆ ಫೋಟೋದಲ್ಲಿ ನಾನು ಒಂದೇ ಕಡೆ ತಿರುಗಿಕೊಂಡಿದ್ದೇನೆ. ಕಿವಿಯ ಅಂಚಿನಲ್ಲಿ ಈಗಲೂ ಒಂದು ತಗ್ಗಿದೆ.

ಮೇಲ್ಭಾಗದ ಮೃದು ಎಲುಬಿಗೆ ತನ್ನದೇ ರಕ್ತನಾಳ ಇಲ್ಲ. ಸುತ್ತಲಿನ ಪೊರೆಯಿಂದ ಆಹಾರ ಸಿಗಬೇಕು. ಸೋಂಕು ಆ ಪೊರೆಗೆ ಹೋದರೆ ಎಲುಬು ಸತ್ತು ಕಿವಿ ಮುದುಡುತ್ತದೆ. ಗನ್ ಅಲ್ಲಿ ಚುಚ್ಚುವುದಕ್ಕಿಂತ ಜಜ್ಜುವುದೇ ಜಾಸ್ತಿ. ಪ್ಲಾಸ್ಟಿಕ್ ಗನ್ ಆದರೆ ಆವಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಲ್ಲಿ ಇಡಲೂ ಆಗದು. ಅಲ್ಲಿ ಚುಚ್ಚಿಸಲೇಬೇಕಾದರೆ ಹೊಸ ಟೊಳ್ಳು ಸೂಜಿ ಕಣ್ಣೆದುರೇ ಬಿಚ್ಚುವವರ ಹತ್ತಿರ ಹೋಗಿ. ಹಾಲೆ ಆರೆಂಟು ವಾರಕ್ಕೆ ಮಾಯುತ್ತದೆ, ಮೇಲ್ಭಾಗಕ್ಕೆ ಆರು ತಿಂಗಳಿಂದ ಒಂದು ವರ್ಷ. ಆ ಮಗ್ಗುಲಿಗೆ ಮಲಗಬೇಡಿ, ಹೆಲ್ಮೆಟ್ ಹಾಕುವಾಗ ನಿಧಾನ.

ಪ್ರಶ್ನೆ: ಎರಡು ತಿಂಗಳ ಹಿಂದೆ ಜಾತ್ರೆಯಲ್ಲಿ ನಾಲ್ವರು ಗೆಳೆಯರು ಒಂದೇ ಸೂಜಿಯಲ್ಲಿ ಹಚ್ಚೆ ಹಾಕಿಸಿಕೊಂಡೆವು. ಗಾಯ ಮಾಯ್ದಿದೆ. ರಕ್ತದಾನ ಮಾಡಬಹುದಾ? — ಬಾಗೇಪಲ್ಲಿ

ಉತ್ತರ: ಹಚ್ಚೆಯಾದ ಮೇಲೆ ಒಂದು ವರ್ಷ ರಕ್ತ ಕೊಡುವಂತಿಲ್ಲ, ಸೂಜಿ ಹೊಸದಿದ್ದರೂ ಸರಿ. ನಿಮ್ಮದು ಬೇರೆಯೇ ಚಿಂತೆ. ಹಚ್ಚೆಗೆ ನಿಮ್ಮ ಕಡೆ ಪಚ್ಚಬೊಟ್ಟು ಅಂತಾರಲ್ಲ, ನನ್ನ ಅಜ್ಜಿಯ ಮುಂಗೈಯಲ್ಲೂ ಇತ್ತು. ಆಗ ಯಾರೂ ಸೂಜಿ ಯಾರದ್ದು ಅಂತ ಕೇಳುತ್ತಿರಲಿಲ್ಲ. ಈಗ ಕೇಳಬೇಕು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರುತ್ತದೆ. ಶಾಯಿಯ ಬಟ್ಟಲು ಒಂದೇ ಆಗಿದ್ದರೆ ಸೂಜಿ ಬದಲಿಸಿಯೂ ಪ್ರಯೋಜನವಿಲ್ಲ. ಮೇಲೆ ಮಾಯ್ದಿದೆ ಅನ್ನುವುದರಿಂದ ರಕ್ತದೊಳಗಿನದು ತಿಳಿಯದು.

ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಈಗ ಒಮ್ಮೆ ಮಾಡಿಸಿ, ಹಚ್ಚೆ ಹಾಕಿಸಿ ಆರು ತಿಂಗಳಾದಾಗ ಮತ್ತೊಮ್ಮೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಹೆಸರು ಗುಟ್ಟಾಗಿರುತ್ತದೆ. ಹೆಪಟೈಟಿಸ್ ಬಿ ಇಲ್ಲ ಅಂತ ಬಂದರೆ ಅದರ ಲಸಿಕೆ ಹಾಕಿಸಿಕೊಳ್ಳಿ, ಮೂರು ಡೋಸ್. ಟಿಟಿ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ವರ್ಷವಾಯಿತು ಅಂತಲೂ ಅಲ್ಲೇ ಹೇಳಿ. ಒಬ್ಬರೇ ಹೋಗಬೇಡಿ, ಉಳಿದ ಮೂವರನ್ನೂ ಕರೆದುಕೊಂಡು ಹೋಗಿ.