ರಿಪೋರ್ಟ್‌ನಲ್ಲಿ ಪಾಸಾದ ರಸ್ತೆ ಮಳೆಗೆ ಕಿತ್ತುಹೋಗಿದ್ದೇಕೆ?

ಪ್ರಶ್ನೆ: ನಮ್ಮೂರ ರಸ್ತೆಗೆ ಹಾಕಿದ ಹೊಸ ಡಾಂಬರು ಎರಡನೇ ಮಳೆಗಾಲಕ್ಕೇ ಎದ್ದು ಗುಂಡಿ ಬಿತ್ತು. ಲ್ಯಾಬ್ ರಿಪೋರ್ಟ್ ತೆಗೆಸಿ ನೋಡಿದರೆ ಮಾರ್ಷಲ್ ಸ್ಥಿರತೆ 11 ಕಿಲೋನ್ಯೂಟನ್, ಪಾಸ್ ಎಂದಿದೆ. ರಿಪೋರ್ಟೇ ಸುಳ್ಳೇ? ರಸ್ತೆ ಎಷ್ಟು ಕಾಲ ಬಾಳುತ್ತದೆಂದು ಮೊದಲೇ ಹೇಳಲಾಗದೇ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಸುಳ್ಳೇ ಆಗಿರಬೇಕಿಲ್ಲ. ಮಾರ್ಷಲ್ ಪರೀಕ್ಷೆಯಲ್ಲಿ ಬಿಸಿ ಮಿಶ್ರಣವನ್ನು ಅಚ್ಚಿಗೆ ತುಂಬಿ, ಎರಡೂ ಬದಿಗೆ 75 ಪೆಟ್ಟು ಕೊಟ್ಟು ಬಿಲ್ಲೆ ಮಾಡುತ್ತಾರೆ. 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಅದುಮುತ್ತಾರೆ. ಒಡೆಯುವ ಮುನ್ನ ಬಿಲ್ಲೆ ತಡೆದ ಬಲ, ಅಂದರೆ ಸ್ಥಿರತೆ, 9 ಕಿಲೋನ್ಯೂಟನ್ ದಾಟಿದರೆ ಪಾಸು. ಆ ಅರ್ಧ ಗಂಟೆಯ ನೀರೆಲ್ಲಿ, ನಿಮ್ಮೂರ ಮಳೆಯೆಲ್ಲಿ! ಅದು ಬಲದ ಪರೀಕ್ಷೆ, ಬಾಳಿಕೆಯದಲ್ಲ.

ಮಲೆನಾಡಿನಲ್ಲಿ ರಸ್ತೆಯ ಮುಖ್ಯ ಶತ್ರು ನೀರು. ನಮ್ಮ ಕ್ವಾರಿಗಳಲ್ಲಿ ಹೆಚ್ಚಾಗಿ ಸಿಗುವ ಗ್ರಾನೈಟ್ ಜಾತಿಯ ಜಲ್ಲಿಯಲ್ಲಿ ಸಿಲಿಕಾ ಜಾಸ್ತಿ. ಅದಕ್ಕೆ ಡಾಂಬರಿಗಿಂತ ನೀರಿನ ಮೇಲೇ ಒಲವು. ನೀರು ಒಳಗಿಳಿದರೆ ಡಾಂಬರಿನ ಪದರ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ, ಮೇಲೆ ಓಡುವ ಲಾರಿ ಚಕ್ರ ಉಳಿದದ್ದನ್ನು ಮುಗಿಸುತ್ತದೆ. ಇದನ್ನು ಮೊದಲೇ ಅಳೆಯಬಹುದು. ಒಂದೇ ಮಿಶ್ರಣದ ಬಿಲ್ಲೆಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿರ್ವಾತದಲ್ಲಿ ನೀರು ಕುಡಿಸಿ 60 ಡಿಗ್ರಿ ನೀರಿನಲ್ಲಿ 24 ಗಂಟೆ ಇಡುತ್ತಾರೆ. ಬಳಿಕ ಎರಡೂ ಗುಂಪನ್ನು 25 ಡಿಗ್ರಿಯಲ್ಲಿ ಸೀಳಿ ನೋಡುತ್ತಾರೆ. ನೆನೆದ ಬಿಲ್ಲೆಗೆ ಒಣ ಬಿಲ್ಲೆಯ ಬಲದಲ್ಲಿ 80 ಶೇಕಡಾ ಆದರೂ ಉಳಿದಿರಬೇಕು. ಉಳಿಯದಿದ್ದರೆ ಮಿಶ್ರಣಕ್ಕೆ ಒಂದೆರಡು ಶೇಕಡಾ ಅರಳಿದ ಸುಣ್ಣದ ಪುಡಿ ಸೇರಿಸುವುದು ಹಳೆಯ, ಅಗ್ಗದ ಮದ್ದು. ನಿಮ್ಮ ರಿಪೋರ್ಟ್‌ನಲ್ಲಿ ನಾನು ಮೊದಲು ಹುಡುಕುತ್ತಿದ್ದುದು ಈ ಅಂಕಿಯನ್ನೇ.

ಬಿಸಿಲು ಗಾಳಿಗೆ ಡಾಂಬರು ಗಡುಸಾಗಿ ಬಿರುಕು ಬಿಡುವುದನ್ನೂ ಲ್ಯಾಬಿನಲ್ಲಿ ಬೇಗ ತರಿಸಬಹುದು. 163 ಡಿಗ್ರಿಯ ಒಲೆಯಲ್ಲಿ 85 ನಿಮಿಷ ತಿರುಗಿಸಿದರೆ ಪ್ಲಾಂಟ್‌ನಲ್ಲಿ ಬಿಸಿ ಮಾಡಿ ಹಾಸುವಷ್ಟರಲ್ಲಿ ಆಗುವ ಮುಪ್ಪು ಬರುತ್ತದೆ. ಅದನ್ನೇ 100 ಡಿಗ್ರಿಯಲ್ಲಿ 2.1 ಮೆಗಾಪ್ಯಾಸ್ಕಲ್ ಗಾಳಿಯ ಒತ್ತಡಕ್ಕೆ 20 ಗಂಟೆ ಒಡ್ಡಿದರೆ ಸುಮಾರು 5ರಿಂದ 10 ವರ್ಷದ ಮುಪ್ಪು.

ಹಾಗೆಂದು ಯಾವ ಯಂತ್ರವೂ ‘ಈ ರಸ್ತೆ ಏಳು ವರ್ಷ’ ಎಂದು ಜಾತಕ ಬರೆದುಕೊಡುವುದಿಲ್ಲ. ಎರಡು ಮಿಶ್ರಣಗಳನ್ನು ಹೋಲಿಸಿ ಯಾವುದು ಮೊದಲು ಹಾಳಾಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು, ಅಷ್ಟೇ. ಏಕೆಂದರೆ ಲ್ಯಾಬಿನ ಬಿಲ್ಲೆಯಲ್ಲಿ ಗಾಳಿಯ ಜಾಗ 3ರಿಂದ 5 ಶೇಕಡಾ. ಮಿಶ್ರಣ ತಣ್ಣಗಾದ ಮೇಲೆ ರೋಲರ್ ಓಡಿಸಿದರೆ ರಸ್ತೆಯಲ್ಲಿ ಅದು 8 ದಾಟುತ್ತದೆ. ಆಗ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು ನೀರಿಗೆ ದಾರಿಯಾಗುತ್ತವೆ. ಸಂಜೆ ಹೊತ್ತಿಗೆ ಆತುರದಲ್ಲಿ ಹಾಸಿದ ಕೊನೆಯ ಲೋಡು ಮೊದಲು ಕಿತ್ತು ಬರುವುದನ್ನು ನೀವೂ ಕಂಡಿರಬಹುದು.

ಮರು ಡಾಂಬರೀಕರಣ ಆದಾಗ ಎರಡು ಕೇಳಿ: ನೆನೆದ ಬಿಲ್ಲೆಯ ಬಲ ಎಷ್ಟು ಉಳಿಯಿತು, ಹಾಸಿದ ರಸ್ತೆಯಿಂದಲೇ ಕೊರೆದು ತೆಗೆದ ಕೋರ್‌ನ ಸಾಂದ್ರತೆ ಎಷ್ಟು. ಚರಂಡಿ ಹೂಳು ತುಂಬಿದ್ದರೆ ಅದನ್ನು ಡಾಂಬರಿಗೂ ಮೊದಲೇ ತೆಗೆಸಿ.